ಹಳೇ ಕಂಪ್ಯೂಟರಿಗೆ ಹೊಸ ಹುರುಪು: ಎಸ್‌ಎಸ್‌ಡಿ ಕೊಳ್ಳುವ ಮುನ್ನ...

ಕಂಪ್ಯೂಟರಿನ ಗುಂಡಿ ಒತ್ತಿ, ಒಳಗೆ ಹೋಗಿ ಚಹಾಕ್ಕಿಟ್ಟು, ಕುದಿಸಿ, ಸೋಸಿ, ಕುಡಿದು, ಕಪ್ಪು ತೊಳೆದಿಟ್ಟು ಬಂದರೂ ಅದು ಇನ್ನೂ 'ವೆಲ್‌ಕಮ್' ಅಂತಲೇ ಹೇಳುತ್ತಾ ಕುಳಿತಿದೆಯೇ? ಮಗಳ ಪ್ರಾಜೆಕ್ಟ್ ನಾಳೆಯೇ ಕೊಡಬೇಕು. ಕರೆಂಟ್ ಬಿಲ್ ಕಟ್ಟಲು ಇವತ್ತೇ ಕೊನೇ ದಿನ. ಪರದೆಯ ಮೇಲಿನ ಆ ಪುಟ್ಟ ಚಕ್ರ ಮಾತ್ರ ಸುತ್ತುತ್ತಲೇ ಇದೆ! 'ಇದನ್ನ ತೆಗೆದುಹಾಕಿ ಹೊಸಾದು ತಂದುಬಿಡೋಣ' ಎಂಬ ಮಾತು ಮನೆಯಲ್ಲಿ ಶುರುವಾಗುವುದು ಇಂಥ ಹೊತ್ತಿನಲ್ಲೇ.

ಸ್ವಲ್ಪ ತಡೆಯಿರಿ. ಎಂಟು-ಹತ್ತು ವರ್ಷದ ಹಳೇ ಕಂಪ್ಯೂಟರ್ ಎಂದರೆ ಕೆಟ್ಟ ಕಂಪ್ಯೂಟರ್ ಎಂದೇನೂ ಅಲ್ಲ. ಬಹಳಷ್ಟು ಸಲ ಅದರ ಒಳಗಿನ ಒಂದೇ ಒಂದು ಭಾಗ, ಅಂದರೆ ಹಾರ್ಡ್ ಡಿಸ್ಕ್, ಇಡೀ ಯಂತ್ರವನ್ನು ಹಿಂದಕ್ಕೆ ಜಗ್ಗುತ್ತಿರುತ್ತದೆ. ಅದರ ಜಾಗಕ್ಕೆ ಎಸ್‌ಎಸ್‌ಡಿ, ಅಂದರೆ ಸಾಲಿಡ್ ಸ್ಟೇಟ್ ಡ್ರೈವ್ ಹಾಕಿಸಿದರೆ ಹೊಸದಕ್ಕಿಂತ ಬಹಳ ಕಡಿಮೆ ಖರ್ಚಿನಲ್ಲಿ ಕೆಲಸ ಆಗಿಬಿಡಬಹುದು. ಆದರೆ ಒಂದು ಮಾತು: ಅಂಗಡಿಯಲ್ಲಿರುವ ಎಲ್ಲ ಎಸ್‌ಎಸ್‌ಡಿಯೂ ಎಲ್ಲ ಕಂಪ್ಯೂಟರಿಗೂ ಕೂಡುವುದಿಲ್ಲ. ಅಳತೆ ಕೊಡದೆ ಕುಬಸ ಹೊಲಿಸಿದರೆ ಏನಾಗುತ್ತದೋ ಇಲ್ಲಿಯೂ ಅದೇ ಆಗುತ್ತದೆ!

ಲಕಮನಹಳ್ಳಿಯ ಒಂದು ಮನೆಯನ್ನು ಊಹಿಸಿಕೊಳ್ಳಿ. ಯಜಮಾನರು ಕೈಗಾರಿಕಾ ಪ್ರದೇಶದಲ್ಲಿ ನೌಕರಿ. ಮನೆಯಾಕೆ ಖಡಕ್ ರೊಟ್ಟಿ, ಶೇಂಗಾ ಚಟ್ನಿಯ ಸಣ್ಣ ವ್ಯಾಪಾರ ನಡೆಸುತ್ತಾರೆ. ಆರ್ಡರಿನ ಲೆಕ್ಕ, ಮಗಳ ಓದು, ಊರ ಜಾತ್ರೆಯ ಫೋಟೊ, ಎಲ್ಲವೂ 2013ರ ಒಂದು ಲ್ಯಾಪ್‌ಟಾಪಿನಲ್ಲಿ. ಇಂಥ ಮನೆಗೆ ಹೊಸ ಲ್ಯಾಪ್‌ಟಾಪ್ ಎಂದರೆ ಕೆಲವು ತಿಂಗಳ ಉಳಿತಾಯ. ಹೀಗಾಗಿ ಸರಿಯಾದ ಎಸ್‌ಎಸ್‌ಡಿ ಆರಿಸುವುದು ಬರೀ ಹುಡುಗರ ಹವ್ಯಾಸದ ಮಾತಲ್ಲ, ಮನೆಯ ಖರ್ಚಿನ ಮಾತು. ಆ ಫೋಟೊ, ಆ ಲೆಕ್ಕ ಉಳಿಸಿಕೊಳ್ಳುವ ಮಾತೂ ಹೌದು.

ನಿಧಾನ ಯಾಕೆ?

ಹಳೇ ಹಾರ್ಡ್ ಡಿಸ್ಕಿನೊಳಗೆ ಗ್ರಾಮಫೋನ್ ತಟ್ಟೆಯಂಥ ಬಿಲ್ಲೆಗಳು ತಿರುಗುತ್ತಿರುತ್ತವೆ. ಲ್ಯಾಪ್‌ಟಾಪಿನಲ್ಲಿ ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು, ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ 7200 ಸುತ್ತು. ಬೇಕಾದ ಮಾಹಿತಿ ಎಲ್ಲಿದೆಯೋ ಅಲ್ಲಿಗೆ ಒಂದು ಪುಟ್ಟ ಮುಳ್ಳು ಹೋಗಿ ಓದಬೇಕು. ಅಟ್ಟದ ಮೇಲಿನ ಡಬ್ಬಿಗಾಗಿ ಪ್ರತಿ ಸಲ ಏಣಿ ಹತ್ತಿದ ಹಾಗೆ! ಎಸ್‌ಎಸ್‌ಡಿಯಲ್ಲಿ ತಿರುಗುವುದು ಏನೂ ಇಲ್ಲ, ಎಲ್ಲ ಚಿಪ್ಪುಗಳಲ್ಲೇ. ಒಲೆಯ ಪಕ್ಕದ ಮಸಾಲೆ ಡಬ್ಬಿಯಂತೆ, ಕೈ ಚಾಚಿದರೆ ಸಿಕ್ಕಿತು. ಹಾರ್ಡ್ ಡಿಸ್ಕಿಗೆ ಒಂದು ಮಾಹಿತಿ ಹುಡುಕಲು ಸೆಕೆಂಡಿನ ನೂರರಲ್ಲೊಂದು ಭಾಗದಷ್ಟು ಹೊತ್ತು ಬೇಕಾದರೆ, ಎಸ್‌ಎಸ್‌ಡಿಗೆ ಅದರ ನೂರರಲ್ಲೊಂದು ಪಾಲು ಸಾಕು. ಕಂಪ್ಯೂಟರ್ ಶುರುವಾಗುವಾಗ ಇಂಥ ಸಾವಿರಾರು ಹುಡುಕಾಟ ನಡೆಯುತ್ತವೆ. ವ್ಯತ್ಯಾಸ ಕಣ್ಣಿಗೆ ಕಾಣುವುದು ಅಲ್ಲೇ.

ತಿರುಗುವ ಡಿಸ್ಕಿನ ಇತಿಹಾಸ ದೊಡ್ಡದು. 1956ರಲ್ಲಿ ಐಬಿಎಂ ಕಂಪನಿ ತಂದ ಮೊದಲ ಹಾರ್ಡ್ ಡಿಸ್ಕಿನಲ್ಲಿ 50 ದೊಡ್ಡ ಬಿಲ್ಲೆಗಳಿದ್ದವು. ಅದರಲ್ಲಿ ಹಿಡಿಯುತ್ತಿದ್ದುದು ಸುಮಾರು 5 ಎಂಬಿ ಮಾತ್ರ, ಇವತ್ತಿನ ಮೊಬೈಲಿನ ಒಂದೆರಡು ಫೋಟೊದಷ್ಟು! ಎಸ್‌ಎಸ್‌ಡಿಯ ಮೂಲವಾದ ಫ್ಲ್ಯಾಶ್ ಮೆಮೊರಿಯನ್ನು 1980ರ ದಶಕದಲ್ಲಿ ಕಂಡುಹಿಡಿದವರು ಜಪಾನಿನ ತೋಶಿಬಾ ಕಂಪನಿಯಲ್ಲಿದ್ದ ಫುಜಿಯೊ ಮಸುಒಕಾ.

ರೋಗ ಅದೇನಾ? ಮೊದಲು ಪರೀಕ್ಷಿಸಿ

ಹಣ ಕೊಡುವ ಮುನ್ನ ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಕೀಲಿಮಣೆಯ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. 'ಟಾಸ್ಕ್ ಮ್ಯಾನೇಜರ್' ತೆರೆಯುತ್ತದೆ. ಅದರಲ್ಲಿ 'ಪರ್ಫಾರ್ಮನ್ಸ್' ಎಂಬಲ್ಲಿ ಡಿಸ್ಕ್ ಮತ್ತು ಮೆಮೊರಿ ಎರಡನ್ನೂ ನೋಡಿ.

• ಕಂಪ್ಯೂಟರ್ ನಿಂತ ಹಾಗಾದಾಗ ಡಿಸ್ಕ್ ಶೇ 100 ತೋರಿಸುತ್ತಿದ್ದು, ಮೆಮೊರಿಯಲ್ಲಿ ಇನ್ನೂ ಜಾಗವಿದ್ದರೆ ಎಸ್‌ಎಸ್‌ಡಿ ಹಾಕಿಸಿದರೆ ಲಾಭ ಖಂಡಿತ.

• ಮೆಮೊರಿಯೇ ಶೇ 90 ದಾಟಿ ತುಂಬಿದ್ದರೆ ಮೊದಲು ರ‍್ಯಾಮ್ ಹೆಚ್ಚಿಸಬೇಕು. 2 ಜಿಬಿ ರ‍್ಯಾಮ್ ಇರುವ ಯಂತ್ರಕ್ಕೆ ಎಸ್‌ಎಸ್‌ಡಿ ಒಂದೇ ಹಾಕಿದರೆ ಪೂರಾ ಗುಣ ಕಾಣದು. 4 ಜಿಬಿ ಇದ್ದರೆ ಹೇಗೋ ನಡೆಯುತ್ತದೆ, 8 ಜಿಬಿ ಇದ್ದರೆ ನಿಶ್ಚಿಂತೆ.

• ಡಿಸ್ಕಿನ ಪಕ್ಕದಲ್ಲಿ 'ಎಸ್‌ಎಸ್‌ಡಿ' ಎಂದೇ ಬರೆದಿದ್ದರೆ ನಿಮ್ಮಲ್ಲಿ ಅದು ಆಗಲೇ ಇದೆ ಎಂದರ್ಥ. ತೊಂದರೆ ಬೇರೆ ಕಡೆ ಹುಡುಕಿ.

ನಾಲ್ಕು ನಮೂನೆ, ನಾಲ್ಕು ಅಳತೆ

ಎಸ್‌ಎಸ್‌ಡಿ ಎಂದರೆ ಒಂದೇ ಆಕಾರವಲ್ಲ. ಇದನ್ನು ತಿಳಿದುಕೊಂಡರೆ ಅರ್ಧ ಕೆಲಸ ಮುಗಿದಂತೆ.

1. ಎರಡೂವರೆ ಇಂಚಿನ ಸಾಟಾ: ಇಸ್ಪೀಟ್ ಕಟ್ಟಿಗಿಂತ ತುಸು ದೊಡ್ಡದಾದ ಚಪ್ಪಟೆ ಪೆಟ್ಟಿಗೆ, ದಪ್ಪ ಸಾಮಾನ್ಯವಾಗಿ 7 ಮಿ.ಮೀ. ಹಾರ್ಡ್ ಡಿಸ್ಕ್ ಇರುವ ಹಳೇ ಲ್ಯಾಪ್‌ಟಾಪ್ ಮತ್ತು ಡೆಸ್ಕ್‌ಟಾಪ್‌ಗಳಲ್ಲಿ ಬಹುಪಾಲಿಗೆ ಬೇಕಾದದ್ದು ಇದೇ. ಹಳೇ ಲ್ಯಾಪ್‌ಟಾಪಿನ ಡಿಸ್ಕ್ 9.5 ಮಿ.ಮೀ. ದಪ್ಪವಿದ್ದರೆ ಹೊಸದು ಒಳಗೆ ಅಲುಗಾಡಬಹುದು. ಅದಕ್ಕೊಂದು ತೆಳ್ಳಗಿನ ಪ್ಲಾಸ್ಟಿಕ್ ಚೌಕಟ್ಟು ಬರುತ್ತದೆ, ಕೇಳಿ ಪಡೆಯಿರಿ.

2. ಎಂ-ಸಾಟಾ: ಪೆಟ್ಟಿಗೆ ಇಲ್ಲದ ಪುಟ್ಟ ಹಲಗೆಯಂಥದ್ದು. 2011ರಿಂದ 2014ರ ಆಸುಪಾಸಿನ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಮಾತ್ರ ಇದಕ್ಕೆ ಜಾಗವಿರುತ್ತದೆ.

3. ಎಂ.2 ಸಾಟಾ: ಚ್ಯೂಯಿಂಗ್ ಗಮ್ ಪಟ್ಟಿಯಂತೆ ಉದ್ದಕ್ಕೆ, ತೆಳ್ಳಗೆ. ಮೇಲೆ 2280 ಎಂದು ಬರೆದಿದ್ದರೆ 22 ಮಿ.ಮೀ. ಅಗಲ, 80 ಮಿ.ಮೀ. ಉದ್ದ ಎಂದರ್ಥ. 2242 ಎಂದರೆ 42 ಮಿ.ಮೀ. ಉದ್ದದ ಗಿಡ್ಡ ಪಟ್ಟಿ.

4. ಎಂ.2 ಎನ್‌ವಿಎಂಇ: ನೋಡಲು ಮೂರನೆಯದರ ಅವಳಿ, ಸ್ವಭಾವ ಮಾತ್ರ ಬೇರೆ. ವೇಗ ಬಹಳ ಹೆಚ್ಚು. ಹೊಸ ಯಂತ್ರಗಳಲ್ಲಿ ಇದರದೇ ದರ್ಬಾರು.

ಮೋಸ ಹೋಗುವುದು ಮೂರು ಮತ್ತು ನಾಲ್ಕರ ನಡುವೆಯೇ! ಎರಡೂ ಒಂದೇ ಗೂಡಿನಲ್ಲಿ ಕೂತ ಹಾಗೆ ಕಾಣಬಹುದು. ಆದರೆ ಸಾಟಾ ಮಾತ್ರ ಒಪ್ಪುವ ಗೂಡಿಗೆ ಎನ್‌ವಿಎಂಇ ಹಾಕಿದರೆ ಕೆಲಸ ಮಾಡದು, ಎನ್‌ವಿಎಂಇ ಮಾತ್ರ ಒಪ್ಪುವ ಗೂಡಿಗೆ ಸಾಟಾ ಹಾಕಿದರೂ ಅಷ್ಟೇ. ಎರಡನ್ನೂ ಒಪ್ಪುವ ಗೂಡುಗಳೂ ಉಂಟು. ಪಟ್ಟಿಯ ತುದಿಯಲ್ಲಿ ಎರಡು ಕಚ್ಚು ಇದ್ದರೆ ಅದು ಹೆಚ್ಚಾಗಿ ಸಾಟಾ, ಒಂದೇ ಕಚ್ಚು ಇದ್ದರೆ ಹೆಚ್ಚಾಗಿ ಎನ್‌ವಿಎಂಇ. ಆದರೂ ಕಚ್ಚು ನೋಡಿ ನಂಬಬೇಡಿ, ಡಬ್ಬಿಯ ಮೇಲಿನ ಬರಹ ಓದಿ. ಇನ್ನೊಂದು ತೊಡಕು: ತೀರ ಹಳೇ ಯಂತ್ರದ ಬಯೋಸ್‌ಗೆ ಎನ್‌ವಿಎಂಇಯಿಂದ ಶುರುವಾಗುವುದೇ ಗೊತ್ತಿರುವುದಿಲ್ಲ.

ನಿಮ್ಮ ಯಂತ್ರದ ಜಾತಕ ಹೀಗೆ ತಿಳಿಯಿರಿ

ಲ್ಯಾಪ್‌ಟಾಪನ್ನು ತಿರುವಿ ಹಾಕಿ, ಅಡಿಯ ಚೀಟಿಯಲ್ಲಿ ಮಾಡೆಲ್ ನಂಬರ್ ಇರುತ್ತದೆ. ಚೀಟಿ ಸವೆದು ಹೋಗಿದೆಯೇ? ವಿಂಡೋಸ್ ಹುಡುಕು ಪಟ್ಟಿಯಲ್ಲಿ 'ಸಿಸ್ಟಮ್ ಇನ್ಫರ್ಮೇಶನ್' ಎಂದು ಇಂಗ್ಲಿಷಿನಲ್ಲಿ ಟೈಪಿಸಿ. ಮಾಡೆಲ್ ಹೆಸರು, 'ಬಯೋಸ್ ಮೋಡ್' ಎರಡೂ ಅಲ್ಲಿ ಸಿಗುತ್ತವೆ. ಎರಡನ್ನೂ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ಇಲ್ಲವೇ ಮೊಬೈಲಿನಲ್ಲಿ ಫೋಟೊ ಹೊಡೆದುಕೊಳ್ಳಿ. ಆ ಮಾಡೆಲ್ಲಿನ ಸರ್ವಿಸ್ ಪುಸ್ತಕ ತಯಾರಕರ ವೆಬ್‌ಸೈಟಿನಲ್ಲಿ ಸಾಮಾನ್ಯವಾಗಿ ಇರುತ್ತದೆ. ಎಸ್‌ಎಸ್‌ಡಿ ಮಾಡುವ ಕಿಂಗ್‌ಸ್ಟನ್‌ನಂಥ ಕಂಪನಿಗಳ ಜಾಲತಾಣದಲ್ಲೂ ಮಾಡೆಲ್ ನಂಬರ್ ಕೊಟ್ಟರೆ ಯಾವುದು ಕೂಡುತ್ತದೆ ಎಂದು ತೋರಿಸುತ್ತಾರೆ. ಮನೆಯಲ್ಲಿ ಕಾಲೇಜಿಗೆ ಹೋಗುವ ಮಕ್ಕಳಿದ್ದರೆ ಈ ಕೆಲಸ ಅವರಿಗೇ ಒಪ್ಪಿಸಿ!

ಮೇಜಿನ ಮೇಲಿನ ಕಂಪ್ಯೂಟರ್ ಆದರೆ ಇನ್ನೂ ಸುಲಭ. ಅದರೊಳಗೆ ಜಾಗಕ್ಕೆ ಬರವಿಲ್ಲ. ಆದರೆ ಎಸ್‌ಎಸ್‌ಡಿ ಜೊತೆಗೆ ಮೂರು ಸಾಮಾನು ಬೇಕಾಗಬಹುದು: ಡ್ರೈವ್ ಕೂಡಿಸಲು ಒಂದು ಬ್ರಾಕೆಟ್, ಒಂದು ಸಾಟಾ ಕೇಬಲ್, ಮತ್ತು ಎಸ್‌ಎಂಪಿಎಸ್‌ನಲ್ಲಿ ಖಾಲಿ ಇರುವ ಒಂದು ಸಾಟಾ ಪವರ್ ವೈರು. ಪವರ್ ವೈರು ಖಾಲಿ ಇಲ್ಲದಿದ್ದರೆ ಪರಿವರ್ತಕ ವೈರು ಸಿಗುತ್ತದೆ. ಇವು ಚಿಲ್ಲರೆ ಸಾಮಾನೇ. ಆದರೆ ಒಂದು ಕೇಬಲ್ಲಿಗಾಗಿ ಮತ್ತೆ ಚಿಗರಿ ಬಸ್ ಹತ್ತಿ ಹುಬ್ಬಳ್ಳಿಗೆ ಹೋಗುವ ಪಾಡು ಯಾರಿಗೆ ಬೇಕು?

ವೇಗದ ಆಸೆಗೆ ಬೀಳಬೇಡಿ

ಅಂಗಡಿಯಲ್ಲಿ ನಿಮಗೆ ಮೊದಲು ಕೇಳಿಸುವುದು ವೇಗದ ಮಾತು. ಆದರೆ ವೇಗ ಡ್ರೈವಿನ ಕೈಲಷ್ಟೇ ಇಲ್ಲ, ನಿಮ್ಮ ಯಂತ್ರದ ಕೈಲೂ ಇದೆ. ಸಾಟಾ 3 ಇರುವ ಯಂತ್ರದಲ್ಲಿ ಎಸ್‌ಎಸ್‌ಡಿ ಸೆಕೆಂಡಿಗೆ ಸುಮಾರು 550 ಎಂಬಿವರೆಗೆ ಓದಬಲ್ಲದು. 2010ರ ಆಚೀಚಿನ ಅನೇಕ ಯಂತ್ರಗಳಲ್ಲಿರುವುದು ಸಾಟಾ 2. ಅದರಲ್ಲಿ ಅದೇ ಡ್ರೈವ್ ಹೆಚ್ಚುಕಡಿಮೆ ಅರ್ಧ ವೇಗಕ್ಕೆ ಇಳಿಯುತ್ತದೆ. ಹೆದರಬೇಡಿ, ಡ್ರೈವ್ ಕೆಡುವುದಿಲ್ಲ, ಕೂಡುವುದೂ ಸರಿಯಾಗಿಯೇ ಕೂಡುತ್ತದೆ. ಹಳೇ ಹಾರ್ಡ್ ಡಿಸ್ಕು ಸೆಕೆಂಡಿಗೆ ಓದುತ್ತಿದ್ದುದು 100 ಎಂಬಿ ಆಸುಪಾಸು ಎಂದಾಗ ಅರ್ಧ ವೇಗವೂ ಹಬ್ಬವೇ! ಹಾಗಾಗಿ ಹಳೇ ಯಂತ್ರಕ್ಕೆ ಅತಿ ದುಬಾರಿ, ಅತಿ ವೇಗದ ಡ್ರೈವ್ ಬೇಡ. ಹಳ್ಳಿಯ ಗಾಡಿದಾರಿಯಲ್ಲಿ ಓಡಿಸಲು ರೇಸ್ ಕಾರು ಕೊಂಡ ಹಾಗಾದೀತು.

ಎಷ್ಟು ಜಿಬಿ ಬೇಕು?

120 ಜಿಬಿ ಅಗ್ಗಕ್ಕೆ ಸಿಗಬಹುದು, ಆದರೆ ವಿಂಡೋಸ್ ಮತ್ತು ನಾಲ್ಕು ಸಾಫ್ಟ್‌ವೇರ್ ಕೂತರೆ ಬೇಗ ತುಂಬುತ್ತದೆ. ಬಿಲ್ಲು, ಬರವಣಿಗೆ, ಓದು ಇಷ್ಟೇ ಇದ್ದರೆ 240-256 ಜಿಬಿ ಸಾಕು. ಫೋಟೊ, ವಿಡಿಯೊ ತುಂಬಾ ಇದ್ದರೆ 480-512 ಜಿಬಿ ಒಳ್ಳೆಯದು. ಇದ್ದುದರಲ್ಲಿ ಐದರಲ್ಲೊಂದು ಪಾಲು ಖಾಲಿ ಬಿಟ್ಟರೆ ಎಸ್‌ಎಸ್‌ಡಿ ಚುರುಕಾಗಿರುತ್ತದೆ.

ಮನೆಗೆ ತಂದ 256 ಜಿಬಿ ಡ್ರೈವ್ ಕಂಪ್ಯೂಟರಿನಲ್ಲಿ 238 ಎಂದು ತೋರಿಸಿದರೆ ಅಂಗಡಿಯವರ ಜೊತೆ ಜಗಳಕ್ಕೆ ಹೋಗಬೇಡಿ! ಕಂಪನಿಯವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ. 500 ಜಿಬಿ ಇದ್ದದ್ದು 465 ಎಂದು ಕಾಣುವುದೂ ಹೀಗೇ.

'ಎಸ್‌ಎಸ್‌ಡಿ ಬರೆದು ಬರೆದು ಸವೆಯುತ್ತದಂತೆ, ಹೌದಾ?' ಎಂದು ಕೇಳುವವರಿದ್ದಾರೆ. ಹೌದು, ಅದಕ್ಕೊಂದು ಮಿತಿ ಇದೆ. ಡಬ್ಬಿಯ ಮೇಲೆ ಅಥವಾ ಕಂಪನಿಯ ವಿವರಗಳಲ್ಲಿ 'ಟಿಬಿಡಬ್ಲ್ಯು' ಎಂದು ಬರೆದಿರುತ್ತದೆ. ಕಿಂಗ್‌ಸ್ಟನ್ ಎ400 ಮಾದರಿಯ 480 ಜಿಬಿ ಡ್ರೈವಿಗೆ ಇದು 160, ವಾರಂಟಿ 3 ವರ್ಷ. ಸ್ಯಾಮ್‌ಸಂಗ್ 870 ಇವೊ ಮಾದರಿಯ 500 ಜಿಬಿ ಡ್ರೈವಿಗೆ 300, ವಾರಂಟಿ 5 ವರ್ಷ. ಈಗ ಲೆಕ್ಕ ಹಾಕಿ: ದಿನಕ್ಕೆ 20 ಜಿಬಿ ಬರೆದರೂ ವರ್ಷಕ್ಕೆ 7.3 ಟಿಬಿ. 160ರ ಮಿತಿ ಮುಟ್ಟಲು ಇಪ್ಪತ್ತು ವರ್ಷ ದಾಟಬೇಕು. ಅಷ್ಟರಲ್ಲಿ ಮಗಳ ಮದುವೆಯಾಗಿ ಮೊಮ್ಮಕ್ಕಳೂ ಬಂದಿರುತ್ತಾರೆ!

ಅಂಗಡಿಯಲ್ಲಿ ಗಟ್ಟಿಯಾಗಿ ಕೇಳಿ

ಕೊಪ್ಪಿಕರ ರಸ್ತೆಯಿರಲಿ, ಧಾರವಾಡದ ಸುಭಾಸ ರಸ್ತೆಯಿರಲಿ, ಸಂಕೋಚ ಬೇಡ. ಬಾಳೆಹಣ್ಣು ಕೊಳ್ಳುವಾಗ ಹತ್ತು ಪ್ರಶ್ನೆ ಕೇಳುವ ನಾವು ಇಲ್ಲೇಕೆ ಸುಮ್ಮನಿರಬೇಕು?

'ಅಕ್ಕಾರ, ಇದು ಎನ್‌ವಿಎಂಇ ಐತ್ರಿ, ಭಾಳ ಫಾಸ್ಟ್. ಇದನ್ನ ತಗೋರಿ' ಎಂದು ಅಂಗಡಿಯವರು ಹೇಳಿದರೆ, ಮಾಡೆಲ್ ಬರೆದ ಚೀಟಿ ಮುಂದೆ ಹಿಡಿದು, 'ಫಾಸ್ಟ್ ಇರ್ಲಿ ಬಿಡ್ರಿ, ನಮ್ಮ ಈ ಮಾಡೆಲ್ಲಿಗೆ ಕೂಡ್ತೈತೇನು? ಕೂಡದಿದ್ರ ವಾಪಸ್ ತಗೋತೀರೇನು? ಅದನ್ನ ಬಿಲ್ ಮ್ಯಾಲ ಬರದು ಕೊಡ್ರಿ' ಎನ್ನಿ. ಇಷ್ಟು ಕೇಳಿದರೆ ಮಾತಿನ ಧಾಟಿಯೇ ಬದಲಾಗುತ್ತದೆ, ನೋಡಿ.

• ಜಿಎಸ್‌ಟಿ ಬಿಲ್ಲಿನಲ್ಲಿ ಡ್ರೈವಿನ ಮಾದರಿ ಮತ್ತು ಸೀರಿಯಲ್ ನಂಬರ್ ಬರೆಸಿಕೊಳ್ಳಿ. ವಾರಂಟಿಗೆ ಇದೇ ಆಧಾರ.

• ಡಬ್ಬಿಯ ಸೀಲ್ ನಿಮ್ಮೆದುರಿಗೇ ಒಡೆಸಿ.

• ಕೂಡಿಸುವ ಕೂಲಿ, ವಿಂಡೋಸ್ ಹಾಕುವ ಕೂಲಿ, ಫೈಲುಗಳ ನಕಲು, ಇವುಗಳಿಗೆ ಎಷ್ಟೆಷ್ಟು ಎಂದು ಮೊದಲೇ ಕೇಳಿ.

• ಕಂಪ್ಯೂಟರಿನಲ್ಲಿ ಅಸಲಿ ವಿಂಡೋಸ್ 10 ಇದ್ದರೆ ಅದರ ಪರವಾನಗಿ ಸಾಮಾನ್ಯವಾಗಿ ಮದರ್‌ಬೋರ್ಡಿಗೆ ಅಂಟಿಕೊಂಡಿರುತ್ತದೆ. ಡಿಸ್ಕ್ ಬದಲಿಸಿದ ಮಾತ್ರಕ್ಕೆ ಮತ್ತೆ ದುಡ್ಡು ಕೊಟ್ಟು ಕೊಳ್ಳಬೇಕಿಲ್ಲ.

• 2025ರ ಕೊನೆಯ ತಿಂಗಳುಗಳಲ್ಲಿ ಮೆಮೊರಿ ಚಿಪ್ಪುಗಳ ದರ ಜಿಗಿಯಿತು. ಕಳೆದ ವರ್ಷ ಪಕ್ಕದ ಮನೆಯವರು ಕೊಟ್ಟ ದರವನ್ನೇ ಹಿಡಿದು ಕೂರಬೇಡಿ, ಎರಡು-ಮೂರು ಕಡೆ ವಿಚಾರಿಸಿ.

ಆನ್‌ಲೈನಿನಲ್ಲಿ '16 ಟಿಬಿ ಎಸ್‌ಎಸ್‌ಡಿ' ಚಪ್ಪಲಿಯ ದರಕ್ಕೆ ಕಂಡರೆ ಬೆರಳು ಹಿಂದೆ ತೆಗೆಯಿರಿ. ಇಂಥವುಗಳ ಒಳಗೆ ಒಂದು ಸಣ್ಣ ಮೆಮೊರಿ ಕಾರ್ಡ್ ಇಟ್ಟು, ದೊಡ್ಡ ಅಳತೆ ತೋರಿಸುವಂತೆ ತಿದ್ದಿರುತ್ತಾರೆ. ಫೈಲು ಹಾಕುವಾಗ ಎಲ್ಲ ಸರಿಯಾಗಿದ್ದಂತೆ ಕಾಣುತ್ತದೆ, ತೆರೆಯಹೋದರೆ ಏನೂ ಇರುವುದಿಲ್ಲ!

ಡಿಸ್ಕ್ ಬಿಚ್ಚುವ ಮುನ್ನ ಮನೆಯ ಸಂಪತ್ತು ಉಳಿಸಿ

ಇಡೀ ಕೆಲಸದಲ್ಲಿ ಅತಿ ಮುಖ್ಯವಾದದ್ದು ಇದು. ಡ್ರೈವ್ ತಪ್ಪಾದರೆ ಬದಲಿಸಬಹುದು. ತೀರಿಹೋದ ಅಜ್ಜಿಯ ವಿಡಿಯೊ ಹೋದರೆ? ಕಂಪ್ಯೂಟರನ್ನು ಅಂಗಡಿಗೆ ಒಯ್ಯುವ ಮುನ್ನವೇ ಫೋಟೊ, ವಿಡಿಯೊ, ಲೆಕ್ಕ, ಪ್ರಮಾಣಪತ್ರಗಳನ್ನು ಹೊರಗಿನ ಡಿಸ್ಕಿಗೋ ಪೆನ್‌ಡ್ರೈವಿಗೋ ನಕಲು ಮಾಡಿ. ತೀರ ಮುಖ್ಯವಾದವನ್ನು ಗೂಗಲ್ ಡ್ರೈವಿನಲ್ಲಿ ಇನ್ನೊಂದು ನಕಲು ಇಡಿ. ಹಳೇ ಡಿಸ್ಕ್ 'ಟಿಕ್ ಟಿಕ್' ಸದ್ದು ಮಾಡುತ್ತಿದ್ದರೆ ನಾಳೆ ಎನ್ನಬೇಡಿ, ಇವತ್ತೇ ಮಾಡಿ. ನಕಲಾದ ಮೇಲೆ ನಾಲ್ಕಾರು ಫೈಲು ತೆರೆದು ನೋಡಲು ಮರೆಯದಿರಿ.

ನಮ್ಮ ಕಡೆಯ ಮನೆಗಳಿಗೆ ವಿಶೇಷವಾಗಿ ಎರಡು ಕಿವಿಮಾತು:

ಕನ್ನಡದ ಕಡತಗಳು: ನುಡಿ ಅಥವಾ ಬರಹದ ಹಳೇ ಅಕ್ಷರಗಳಲ್ಲಿ ಟೈಪ್ ಮಾಡಿದ ಅಡುಗೆ ಟಿಪ್ಪಣಿ, ಸಂಘದ ನಡಾವಳಿ ಇದ್ದರೆ, ಆ ಫಾಂಟುಗಳನ್ನೂ ಹೊಸ ಡ್ರೈವಿನಲ್ಲಿ ಹಾಕಿಸಬೇಕು. ಇಲ್ಲವಾದರೆ ಕಡತ ತೆರೆದಾಗ ಚಿತ್ರವಿಚಿತ್ರ ಇಂಗ್ಲಿಷ್ ಅಕ್ಷರ ಕಂಡು ಎದೆ ಧಸಕ್ಕೆನ್ನುತ್ತದೆ. ಕಡತ ಕೆಟ್ಟಿರುವುದಿಲ್ಲ, ಫಾಂಟ್ ಇರುವುದಿಲ್ಲ ಅಷ್ಟೇ.

ವ್ಯಾಪಾರದ ಲೆಕ್ಕ: ಮನೆ ವ್ಯಾಪಾರಕ್ಕೆ ಟ್ಯಾಲಿ ಬಳಸುತ್ತಿದ್ದರೆ ಅದರ ಡೇಟಾ ಬ್ಯಾಕಪ್ ತೆಗೆಯಿರಿ. ಅದರ ಪರವಾನಗಿ ಆ ಕಂಪ್ಯೂಟರಿಗೆ ಕಟ್ಟಿರುವುದರಿಂದ ಡಿಸ್ಕ್ ಬದಲಿಸುವ ಮುನ್ನ ಟ್ಯಾಲಿಯೊಳಗೇ 'ಸರೆಂಡರ್' ಮಾಡಿ, ಆಮೇಲೆ ಹೊಸದರಲ್ಲಿ ಚಾಲೂ ಮಾಡಿಕೊಳ್ಳಿ.

ಹಳೇ ಡಿಸ್ಕನ್ನು ಇದ್ದ ಹಾಗೆಯೇ ಹೊಸದಕ್ಕೆ ಪಡಿಯಚ್ಚು ತೆಗೆಯುವ ವಿಧಾನವೂ ಇದೆ. ಅದಕ್ಕೆ 'ಕ್ಲೋನ್' ಎನ್ನುತ್ತಾರೆ. ಹಳೆಯದರಲ್ಲಿ ತುಂಬಿದ ಮಾಹಿತಿ ಹೊಸದರ ಅಳತೆಗಿಂತ ಕಡಿಮೆ ಇರಬೇಕು. ಆದರೆ ಹತ್ತು ವರ್ಷದ ಕಸವೂ ಜೊತೆಗೇ ಬರುತ್ತದೆ. ಹೊಸ ಮನೆಗೆ ಹಳೇ ಕಸಬರಿಗೆ ಒಯ್ಯಬಾರದು ಅನ್ನುವುದಿಲ್ಲವೇ? ಸಮಯವಿದ್ದರೆ ಹೊಸದಾಗಿಯೇ ಹಾಕಿಸಿ. ಬಯೋಸ್‌ನಲ್ಲಿ ಡಿಸ್ಕಿನ ವಿಧಾನ 'ಎಎಚ್‌ಸಿಐ' ಎಂದು ಇದೆಯೇ ನೋಡಲು ಮೆಕ್ಯಾನಿಕ್‌ಗೆ ಹೇಳಿ, ಎಸ್‌ಎಸ್‌ಡಿ ಸರಿಯಾಗಿ ಓಡಲು ಅದು ಬೇಕು.

ಯಾವಾಗ ಬೇಡ?

ಎಲ್ಲ ಹಳೇ ಯಂತ್ರಕ್ಕೂ ಹಣ ಸುರಿಯುವುದು ಜಾಣತನವಲ್ಲ. ಒಳಗೆ ಅಗಲವಾದ ರಿಬ್ಬನ್ನಿನಂಥ ಕೇಬಲ್ ಇರುವ ಐಡಿಇ ಡಿಸ್ಕ್ ಇದ್ದರೆ ಅದಕ್ಕೆ ಖರ್ಚು ಬೇಡ. ಕೆಲವು ಅಗ್ಗದ ಪುಟ್ಟ ಲ್ಯಾಪ್‌ಟಾಪ್‌ಗಳಲ್ಲಿ ಮೆಮೊರಿ ಹಲಗೆಗೇ ಬೆಸೆದಿರುತ್ತದೆ, ಬದಲಿಸಲು ಬರುವುದಿಲ್ಲ. ಬ್ಯಾಟರಿ, ಕೀಲಿಮಣೆ, ಪರದೆ ಎಲ್ಲವೂ ಕೈಕೊಟ್ಟಿದ್ದರೆ ಒಟ್ಟು ಖರ್ಚು ಕೂಡಿಸಿ ನೋಡಿ. ಹೊಸದರ ಬೆಲೆಯ ಮೂರನೇ ಒಂದು ಪಾಲು ದಾಟಿದರೆ ಹೊಸದೇ ಮೇಲು.

ಇನ್ನೊಂದು ವಿಷಯ ಮರೆಯಬಾರದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಸುರಕ್ಷಾ ವ್ಯವಸ್ಥೆ ಬೇಕು. ಇಂಟೆಲ್ ಆದರೆ ಸಾಮಾನ್ಯವಾಗಿ 8ನೇ ಪೀಳಿಗೆ ಅಥವಾ ಅದರ ನಂತರದ ಪ್ರೊಸೆಸರ್ ಇರಬೇಕು. ನಮ್ಮ 2013ರ ಲ್ಯಾಪ್‌ಟಾಪ್ ಈ ಪರೀಕ್ಷೆಯಲ್ಲಿ ನಪಾಸು! ಎಸ್‌ಎಸ್‌ಡಿ ವೇಗ ಕೊಡುತ್ತದೆ, ಸುರಕ್ಷತೆ ಕೊಡುವುದಿಲ್ಲ. ಅಂಥ ಯಂತ್ರಕ್ಕೆ ಲಿನಕ್ಸ್ ಮಿಂಟ್‌ನಂಥ ಉಚಿತ ವ್ಯವಸ್ಥೆ ಹಾಕಿಸಬಹುದು. ಬ್ರೌಸರ್, ಕನ್ನಡ ಟೈಪಿಂಗ್, ಪತ್ರ, ಲೆಕ್ಕದ ಹಾಳೆ ಎಲ್ಲ ಅದರಲ್ಲಿ ನಡೆಯುತ್ತದೆ. ಟ್ಯಾಲಿಯಂಥ ವಿಂಡೋಸಿನದೇ ಸಾಫ್ಟ್‌ವೇರ್ ಬೇಕೇ ಬೇಕೆನ್ನುವವರು ಮಾತ್ರ ಹೊಸ ಯಂತ್ರದ ಕಡೆ ನೋಡುವುದು ಲೇಸು. ಬ್ಯಾಂಕಿನ ವ್ಯವಹಾರವನ್ನಂತೂ ಬೆಂಬಲ ನಿಂತ ವಿಂಡೋಸಿನಲ್ಲಿ ಮಾಡಬೇಡಿ.

ತೆಗೆದ ಡಿಸ್ಕ್ ಏನು ಮಾಡುವುದು?

ಗುಜರಿಯವರಿಗೆ ಕೊಡಬೇಡಿ! ಅದರಲ್ಲಿ ನಿಮ್ಮ ಆಧಾರ್, ಪಾಸ್‌ಬುಕ್, ಮಕ್ಕಳ ಫೋಟೊ ಎಲ್ಲ ಇರುತ್ತದೆ. ಡಿಸ್ಕ್ ಚೆನ್ನಾಗಿದ್ದರೆ ಒಂದು ಯುಎಸ್‌ಬಿ ಕೇಸ್ ತಂದು ಅದರೊಳಗಿಡಿ, ಫೋಟೊ ಇಡುವ ಪೆಟ್ಟಿಗೆ ಆಯಿತು. ಹೊಸ ಡ್ರೈವ್ ಒಂದು ತಿಂಗಳು ಸರಿಯಾಗಿ ಓಡುವವರೆಗೆ ಅದರಲ್ಲಿ ಏನನ್ನೂ ಅಳಿಸಬೇಡಿ. ಪೂರಾ ಕೆಟ್ಟಿದ್ದರೆ ಮಾಹಿತಿ ಓದಲಾಗದಂತೆ ಮಾಡಿಸಿ, ಇ-ತ್ಯಾಜ್ಯ ತೆಗೆದುಕೊಳ್ಳುವ ನೋಂದಾಯಿತ ಸಂಸ್ಥೆಗೇ ಒಪ್ಪಿಸಿ. ಇ-ತ್ಯಾಜ್ಯ ನಿರ್ವಹಣೆಯ ಹೊಸ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ.

ಪರ್ಸಿನಲ್ಲಿಡಲು ಒಂದು ಚೀಟಿ

• ಕಂಪ್ಯೂಟರ್ ಮಾಡೆಲ್ ನಂಬರ್, ಬಯೋಸ್ ಮೋಡ್
• ಡಿಸ್ಕಿನ ನಮೂನೆ: ಎರಡೂವರೆ ಇಂಚು ಸಾಟಾ, ಎಂ-ಸಾಟಾ, ಎಂ.2 ಸಾಟಾ, ಎನ್‌ವಿಎಂಇ, ಇವುಗಳಲ್ಲಿ ಯಾವುದು?
• ರ‍್ಯಾಮ್ ಎಷ್ಟಿದೆ?
• ಎಷ್ಟು ಜಿಬಿ ಬೇಕು?
• ಬ್ರಾಕೆಟ್, ಕೇಬಲ್ ಬೇಕೇ?
• ಬ್ಯಾಕಪ್ ಆಯಿತೇ? ತೆರೆದು ನೋಡಿದಿರಾ?
• ಬಿಲ್, ಸೀರಿಯಲ್ ನಂಬರ್, ವಾಪಸಾತಿ ಮಾತು

ಈ ಚೀಟಿಯಲ್ಲಿ ಉತ್ತರ ತುಂಬಿಕೊಂಡು ಹೋದರೆ ಯಾವ ಅಂಗಡಿಯಲ್ಲೂ ನಿಮಗೆ ಬೇಡದ್ದನ್ನು ಕಟ್ಟಲು ಸಾಧ್ಯವಿಲ್ಲ. ಉಳಿದ ಹಣ ಮಗಳ ಫೀಗಾದರೂ ಆದೀತು, ವ್ಯಾಪಾರಕ್ಕೊಂದು ಹೊಸ ಮಿಕ್ಸರಿಗಾದರೂ ಆದೀತು. ಇನ್ನೇಕೆ ತಡ? ಇವತ್ತು ಮಧ್ಯಾಹ್ನ ಊಟದ ಕೆಲಸ ಮುಗಿಸಿ, ಲ್ಯಾಪ್‌ಟಾಪನ್ನು ಒಮ್ಮೆ ತಿರುವಿ ಆ ಮಾಡೆಲ್ ನಂಬರ್ ಬರೆದುಕೊಳ್ಳಿ.